ಕೆಂಗಲ್ಲಿನ ಹುಡುಗ, ಮಾಗಡಿಯ ಕಲ್ಲು

2025ರ ಜೂನ್ ತಿಂಗಳು. ಶಾಲೆ ಶುರುವಾಗಿ ವಾರವಾಗಿತ್ತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದಿದ್ದ ಪೋಷಕರೊಬ್ಬರು ಹಾಗೆಯೇ ನಮ್ಮ ಶಾಲೆಗೂ ಬಂದರು. ಮಾಗಡಿ ರಸ್ತೆಯ ಒಂದು ಹಳ್ಳಿಯವರು. ಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು.

"ಅಲ್ಲ ಮೇಷ್ಟ್ರೇ, ಜೈಲಿಗೆ ಹೋದೋರೇ ಆಮೇಲೆ ದೊಡ್ಡ ಮನುಷ್ಯರಾಗೋದು ಅಂತಾನೆ ನಮ್ಮ ಹುಡುಗ. ಸೈನ್ಸ್ ಮೇಷ್ಟ್ರು ಹೇಳಿದ್ರು ಅಂತಾನೆ. ಇದ್ಯಾವ ಸೈನ್ಸು?"

ತಪ್ಪು ಅರ್ಧ ನನ್ನದು, ಅರ್ಧ ಗಂಟೆ ಹೊಡೆದ ಜವಾನನದು. ಅವರ ಮಗ ಹಿಂದಿನ ದಿನ ಪತ್ರಿಕೆಯ ತುಂಡೊಂದನ್ನು ತಂದಿದ್ದ. ಉರುಗ್ವೆ ಎಂಬ ಪುಟ್ಟ ದೇಶದ ಹೋಸೆ ಮುಹಿಕಾ ಆ ಮೇ 13ರಂದು ತೀರಿಕೊಂಡಿದ್ದರು. ಯೌವನದಲ್ಲಿ ಕೋವಿ ಹಿಡಿದ ಟುಪಮಾರೊ ಬಂಡುಕೋರರ ಮುಖಂಡರಲ್ಲಿ ಒಬ್ಬ, ಹತ್ತು ಹನ್ನೆರಡು ವರ್ಷಗಳಿಗೂ ಮೀರಿ ಸೆರೆವಾಸ, 1985ರಲ್ಲಿ ಬಿಡುಗಡೆ, 2010ರಿಂದ 2015ರವರೆಗೆ ಅದೇ ದೇಶದ ಅಧ್ಯಕ್ಷ. ಅಧ್ಯಕ್ಷರಾದ ಮೇಲೂ ಸರ್ಕಾರಿ ಬಂಗಲೆ ಬೇಡವೆಂದು ತಮ್ಮ ತೋಟದ ಮನೆಯಲ್ಲೇ ಇದ್ದವರು. ಮಕ್ಕಳಿಗೆ ಹಿಡಿಸಿದ್ದು ಅವರ ಹಳೆಯ ಫೋಕ್ಸ್‌ವ್ಯಾಗನ್ ಕಾರು. ನಾನು, "ಇಂಥವರೊಬ್ಬರು ನಮ್ಮ ಪಕ್ಕದ ಊರಿನಲ್ಲೇ ಇದ್ದರು. ಅವರೂ ಜೈಲಿಗೆ ಹೋಗಿದ್ದರು, ಆಮೇಲೆ ವಿಧಾನಸೌಧ ಕಟ್ಟಿಸಿದರು" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹುಡುಗ ಅರ್ಧ ಪಾಠ ಹೊತ್ತುಕೊಂಡು ಮನೆಗೆ ಹೋದ. ಆ ತಂದೆಗೆ ಚಹಾ ತರಿಸಿ ಹೇಳಿದ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಮನಗರದಿಂದ ಚನ್ನಪಟ್ಟಣಕ್ಕೆ ಹಳೆಯ ಮೈಸೂರು ರಸ್ತೆಯಲ್ಲಿ ಹೋದವರೆಲ್ಲ ಕೆಂಗಲ್ ಆಂಜನೇಯನಿಗೆ ಬಸ್ಸಿನಲ್ಲೇ ಕೈಮುಗಿದಿರುತ್ತೀರಿ. ಕೆಂಪು ಕಲ್ಲು, ಕೆಂಗಲ್ಲು. ಆ ದೇವರ ಹೆಸರು, ಆ ಜಾಗದ ಹೆಸರು ಎರಡನ್ನೂ ಹೊತ್ತವರು ಕೆಂಗಲ್ ಹನುಮಂತಯ್ಯ. ಹುಟ್ಟಿದ್ದು 1908ರಲ್ಲಿ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಒಕ್ಕಲು ಮನೆತನದಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಕಾನೂನು. ಜೈಲಿಗಿಂತ ಮೊದಲು ಈ ಎರಡು ಪರೀಕ್ಷೆಗಳನ್ನು ಪಾಸು ಮಾಡಿದ್ದರು ಎಂಬುದನ್ನು ಆ ಹುಡುಗನೂ ಗಮನಿಸಲಿ.

ವಕೀಲಿ ಮಾಡಿಕೊಂಡು ಸುಖವಾಗಿರಬಹುದಿತ್ತು. ಆದರೆ ಆಗಿನ ಮೈಸೂರು ಅರಸರ ರಾಜ್ಯ. ಪೊಲೀಸು, ಜೈಲು, ಕಚೇರಿ ಎಲ್ಲ ಮಹಾರಾಜರ ಸರ್ಕಾರದ್ದು. 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯೇನೋ ಇತ್ತು, ಆದರೆ ಅಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ಸರ್ಕಾರವನ್ನು ಇಳಿಸುವಂತಿರಲಿಲ್ಲ. ಜನರಿಗೆ ಉತ್ತರ ಕೊಡುವ ಸರ್ಕಾರ ಬೇಕು, ಆಗಿನ ಮಾತಿನಲ್ಲಿ ಹೇಳುವುದಾದರೆ 'ಜವಾಬ್ದಾರಿ ಸರ್ಕಾರ' ಬೇಕು ಎಂಬುದೇ ಕಾಂಗ್ರೆಸ್ಸಿನವರ ಬೇಡಿಕೆ. 1938ರ ಏಪ್ರಿಲ್‌ನಲ್ಲಿ ಚನ್ನಪಟ್ಟಣದಾಚೆ, ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಒಂದು ಬಾವುಟ ಹಾರಿಸಿದ್ದಕ್ಕೆ ಬಂಧನ! ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರೇ ಆಗಿ ಜನ ಸತ್ತರು. ಆ ಕಾಲದ ಚಳವಳಿಯಲ್ಲಿದ್ದ ಹನುಮಂತಯ್ಯನವರು ಹಲವು ಬಾರಿ ಸೆರೆಗೆ ಹೋಗಿ ಬಂದರು. ಕೋವಿ ಹಿಡಿಯಲಿಲ್ಲ ನಿಜ, ಆದರೆ ಅರಸರ ಸರ್ಕಾರದ ಕಣ್ಣಿಗೆ ಅವರೂ ಬಂಡಾಯಗಾರರೇ.

"ಜೈಲಿಗೆ ಹೋದದ್ದಕ್ಕೇ ದೊಡ್ಡವರಾಗಲಿಲ್ಲ ಸ್ವಾಮಿ" ಎಂದೆ ಆ ತಂದೆಗೆ. ಹಾಗೆ ಸೆರೆಗೆ ಹೋದವರು ಸಾವಿರಾರು ಮಂದಿ. ಬಹುಪಾಲು ಜನ ಬಿಡುಗಡೆಯಾದ ಮೇಲೆ ಊರಿಗೆ ಬಂದು ಹೊಲ ಉತ್ತರು. ಅವರ ಹೆಸರು ಯಾವ ರಸ್ತೆಗೂ ಇಲ್ಲ.

1952ರ ಮಾರ್ಚ್ 30ರಂದು ಹನುಮಂತಯ್ಯನವರು ಮೈಸೂರಿನ ಎರಡನೆಯ ಮುಖ್ಯಮಂತ್ರಿಯಾದರು. ಆಗ ರಾಜ್ಯದ ರಾಜಪ್ರಮುಖರು, ಅಂದರೆ ಈಗಿನ ರಾಜ್ಯಪಾಲರ ಸ್ಥಾನದಲ್ಲಿದ್ದವರು, ಜಯಚಾಮರಾಜ ಒಡೆಯರೇ. ಅರಸರ ಸರ್ಕಾರದ ಹಳೆಯ ಕೈದಿ ಮುಖ್ಯಮಂತ್ರಿ, ಅರಸರು ರಾಜಪ್ರಮುಖರು! ಇಬ್ಬರೂ ಒಂದೇ ಸಂವಿಧಾನದ ಕೆಳಗೆ.

ಇಷ್ಟು ಹೇಳಿದಾಗ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತಿದ್ದಳು. "ಸಾರ್, ಸರ್ಕಾರದ ಮೇಲೆ ಗಲಾಟೆ ಮಾಡಿದೋರೇ ಸರ್ಕಾರ ಆದ್ರೆ, ಆಮೇಲೆ ಅವರನ್ನ ಕೇಳೋರು ಯಾರು?" ಮೂವತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ನನ್ನನ್ನು ಹೀಗೆ ನಿಲ್ಲಿಸಿದ ಪ್ರಶ್ನೆಗಳು ಕಡಿಮೆ. ಉತ್ತರಕ್ಕೆ ವಿಧಾನಸೌಧಕ್ಕೇ ಹೋಗಬೇಕಾಯಿತು.

ಅದಕ್ಕೆ ನೆಹರೂ ಅವರು ಅಡಿಗಲ್ಲು ಹಾಕಿದ್ದು 1951ರ ಜುಲೈ 13ರಂದು, ಕೆ.ಸಿ. ರೆಡ್ಡಿಯವರ ಕಾಲದಲ್ಲಿ. ಆಗಿನ ನಕ್ಷೆ ಸಾಧಾರಣದ್ದು. ಹನುಮಂತಯ್ಯನವರು ಬಂದವರೇ ಅದನ್ನು ಬದಲಿಸಿದರು. ಎದುರಿಗಿರುವ ಕೆಂಪು ಅಠಾರ ಕಚೇರಿ ಪರಂಗಿಯವರ ಮಾದರಿಯದು, ನಮ್ಮದು ನಮ್ಮ ಶಿಲ್ಪದಂತೆ ಇರಲಿ ಎಂಬ ಹಟ. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. 700 ಅಡಿ ಉದ್ದ, 350 ಅಡಿ ಅಗಲ. ಕಲ್ಲು ಬೆಂಗಳೂರಿನ ಸುತ್ತಲಿನ ಮಲ್ಲಸಂದ್ರ, ಅರೆಹಳ್ಳಿ ಕಡೆಯದು. ಅಲಂಕಾರಕ್ಕೆ ತುರುವೇಕೆರೆಯ ಕಪ್ಪು ಕಲ್ಲು ಮತ್ತು ನಮ್ಮ ಮಾಗಡಿಯ ಗುಲಾಬಿ ಕಲ್ಲು. ಕಲ್ಕುಟಿಗರು, ಗಾರೆಯವರು, ಮರಗೆಲಸದವರು ಸುಮಾರು 1500. ಕೂಲಿಗಳು 5000ಕ್ಕೂ ಮೇಲೆ, ಅವರಲ್ಲಿ ಹೆಚ್ಚಿನವರು ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳು. ಒಮ್ಮೆ ಕೈದಿಯಾಗಿದ್ದವರು ಕೈದಿಗಳಿಂದ ಸರ್ಕಾರದ ಮನೆ ಕಟ್ಟಿಸುತ್ತಿದ್ದರು. ಅವರಿಗೆ ಏನನ್ನಿಸುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಖರ್ಚಾದದ್ದು ಸುಮಾರು 1 ಕೋಟಿ 75 ಲಕ್ಷ ರೂಪಾಯಿ. ಇಂದು ಅಷ್ಟಕ್ಕೆ ಬೆಂಗಳೂರಿನಲ್ಲಿ ಒಂದು ಮನೆ ಬರಬಹುದು, ಆಗ ಅದು ದೊಡ್ಡ ಗಂಟು. ಹಳ್ಳಿಯಲ್ಲಿ ಶಾಲೆಗೆ ಹೆಂಚಿಲ್ಲ, ಇಲ್ಲಿ ಅರಮನೆಯೇ ಎಂದು ಜನ ಕೇಳಿದರು, ಶಾಸಕರು ಕೇಳಿದರು. ವೆಚ್ಚದ ಬಗ್ಗೆ ವಿಚಾರಣೆಯೂ ನಡೆಯಿತು. ನನಗೆ ಆ ಕಟ್ಟಡ ಬಹಳ ಇಷ್ಟ. ಆದರೂ ಲೆಕ್ಕ ಕೇಳಿದವರನ್ನು ತಪ್ಪೆನ್ನಲಾರೆ. ಬಾಗಿಲ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿಸಿದ ಮೇಲೆ ದೇವರ ಹುಂಡಿಯ ಲೆಕ್ಕವನ್ನೂ ಕೇಳುತ್ತಾರೆ.

ಇನ್ನೊಂದು ಕಡೆ ಕರ್ನಾಟಕದ ಏಕೀಕರಣ. ಮುಂಬಯಿ, ಹೈದರಾಬಾದು ಕಡೆಯ ಕನ್ನಡನಾಡುಗಳೆಲ್ಲ ಒಂದಾದರೆ ನಮ್ಮ ಕೈ ಕೆಳಗಾಗುತ್ತದೆ ಎಂದು ಹಳೆ ಮೈಸೂರಿನ ಅನೇಕ ಮುಖಂಡರಿಗೆ ಭಯ. ಹನುಮಂತಯ್ಯನವರು ತಮ್ಮ ಬೆಂಬಲಿಗರ ಮುಖ ನೋಡದೆ ಏಕೀಕರಣದ ಪರ ನಿಂತರು. ನನ್ನ ಲೆಕ್ಕದಲ್ಲಿ ವಿಧಾನಸೌಧಕ್ಕಿಂತ ಇದೇ ದೊಡ್ಡ ಕೆಲಸ. 1956ರ ಆಗಸ್ಟ್‌ನಲ್ಲಿ ಸ್ವಂತ ಪಕ್ಷದ ಶಾಸಕರ ವಿಶ್ವಾಸವನ್ನೇ ಕಳೆದುಕೊಂಡು ರಾಜೀನಾಮೆ ಕೊಟ್ಟರು. ನವೆಂಬರ್ 1ರಂದು ವಿಶಾಲ ಮೈಸೂರು ಹುಟ್ಟಿದಾಗ ಅದರ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು. ತಾವು ಕಟ್ಟಿಸಿದ ಸೌಧದಿಂದ ತಾವು ಬಯಸಿದ ನಾಡನ್ನು ಆಳುವ ಭಾಗ್ಯ ಹನುಮಂತಯ್ಯನವರಿಗೆ ಇರಲಿಲ್ಲ.

"ಕೇಳೋರು ಯಾರು ಅಂದೆಯಲ್ಲಮ್ಮಾ, ಮೊದಲು ಕೇಳಿದ್ದು ಅವರ ಜೊತೆಯವರೇ" ಎಂದೆ ಆ ಹುಡುಗಿಗೆ. ಅವಳಿಗೆ ಸಮಾಧಾನವಾಗಲಿಲ್ಲ. "ಜೊತೆಯೋರು ಕುರ್ಚಿಗೋಸ್ಕರ ಕೇಳಿರ್ತಾರೆ ಸಾರ್. ನಮ್ಮಂಥೋರು ಕೇಳಬೇಕಂದ್ರೆ?"

ಅದಕ್ಕೂ ಒಂದು ಸಂಗತಿ ಇದೆ. 1966ರಲ್ಲಿ ಕೇಂದ್ರ ಸರ್ಕಾರ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗ ನೇಮಿಸಿತು. ಹನುಮಂತಯ್ಯನವರು ಅದರ ಸದಸ್ಯರು, ಮರುವರ್ಷ ಅವರೇ ಅಧ್ಯಕ್ಷರು. ಸಾಮಾನ್ಯ ಜನ ಮಂತ್ರಿಗಳ, ಅಧಿಕಾರಿಗಳ ಮೇಲೆ ದೂರು ಕೊಡಲು ಲೋಕಪಾಲ, ಲೋಕಾಯುಕ್ತ ಬೇಕು ಎಂದು ಈ ಆಯೋಗ ತನ್ನ ಮೊದಲ ವರದಿಯಲ್ಲೇ ಹೇಳಿತು. ಕರ್ನಾಟಕದಲ್ಲಿ ಲೋಕಾಯುಕ್ತ ಕಾಯಿದೆ ಬಂದದ್ದು 1984ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ, 1980ರ ಡಿಸೆಂಬರ್ 1ರಂದು ತೀರಿಕೊಂಡಿದ್ದರು. ಈ ನಡುವೆ ರೈಲ್ವೆ ಮಂತ್ರಿಯೂ ಆಗಿದ್ದರು. 1977ರಲ್ಲಿ ಬೆಂಗಳೂರಿನ ಮತದಾರರು ಅವರನ್ನು ಸೋಲಿಸಿ ಕೆ.ಎಸ್. ಹೆಗ್ಡೆಯವರನ್ನು ಲೋಕಸಭೆಗೆ ಕಳಿಸಿದರು. ಹುಡುಗಿ ಈ ವರ್ಷವನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಂಡಳು.

ವಿಜ್ಞಾನದ ಮೇಷ್ಟ್ರಾದ್ದರಿಂದ ಕಲ್ಲಿನ ಮಾತು ಇಷ್ಟಕ್ಕೆ ಬಿಡಲಾರೆ. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟನ ಹೆಸರಿನಿಂದ ಕ್ಲೋಸ್‌ಪೇಟೆ ಆಗಿದ್ದ ಊರನ್ನು ರಾಮನಗರ ಮಾಡಿದವರು ಹನುಮಂತಯ್ಯನವರೇ. 2007ರಲ್ಲಿ ಅದು ಜಿಲ್ಲೆಯಾಯಿತು, 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಂಪುಟ ತೀರ್ಮಾನಿಸಿತು. ಕನಕಪುರದ ಕಡೆಯಿಂದ ರಾಮನಗರ, ಮಾಗಡಿ ಹಾದು ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ ಈ ಕಲ್ಲಿಗೆ ಮಾತ್ರ ಜಗತ್ತಿನ ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯದು. ಅದರಲ್ಲಿರುವ ಪೊಟ್ಯಾಶ್ ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ ಆ ಗುಲಾಬಿ ಬಣ್ಣ.

ಚಹಾ ಮುಗಿಸಿದ ಆ ತಂದೆ ಎಲ್ಲ ಕೇಳಿಸಿಕೊಂಡು, "ಹಂಗಾರೆ ಮೇಷ್ಟ್ರೇ, ನಮ್ಮ ಬೋರ್‌ವೆಲ್ ಪಕ್ಕ ಬಿದ್ದೈತಲ್ಲ ಕೆಂಪಗೆ, ಅದೂ ಇದೇ ಕಲ್ಲಾ?" ಎಂದರು.

"ಒಂದು ಚೂರು ಕಳಿಸಿ, ನೋಡೋಣ."

ಸೋಮವಾರ ಹುಡುಗ ತೆಂಗಿನಕಾಯಿ ಗಾತ್ರದ ಕಲ್ಲನ್ನೇ ಬ್ಯಾಗಿನಲ್ಲಿ ಹೊತ್ತು ತಂದ. ಬ್ಯಾಗಿನ ಹೊಲಿಗೆ ಬಿಟ್ಟಿತ್ತು. ಅದೇ ಕಲ್ಲು. ಈಗ ಅದು ನಮ್ಮ ಪ್ರಯೋಗಾಲಯದ ಬಾಗಿಲು ಗಾಳಿಗೆ ಬಡಿಯದಂತೆ ಹಿಡಿದು ಕೂತಿದೆ.