ಖಾಲಿ ಕುರ್ಚಿ, ತುಂಬಿದ ಕುರ್ಚಿ

ನಮ್ಮ ಬ್ಯಾಂಕುಗಳಿಗೆ ಗಣಕಯಂತ್ರ ತಡವಾಗಿ ಬಂದುದು ಗುಮಾಸ್ತರ ಹಟದಿಂದ ಎಂಬ ಮಾತನ್ನು ಈಗ ಯಾರು ಬೇಕಾದರೂ ಆಡುತ್ತಾರೆ. ಅಮೆರಿಕೆಯಲ್ಲಿ 1950ರ ದಶಕದಲ್ಲಿಯೇ ಆದ ಕೆಲಸ ನಮ್ಮಲ್ಲಿ 1980ರ ದಶಕದವರೆಗೂ ಆಗಲಿಲ್ಲವೆಂದು ಬೆರಳು ತೋರಿಸುತ್ತಾರೆ. ಅಮೆರಿಕೆಯನ್ನೇ ನೋಡೋಣ, ಆದರೆ ಅರ್ಧ ನೋಡಿ ಬಿಡುವುದು ಬೇಡ.

ಕ್ಯಾಲಿಫೋರ್ನಿಯದ ಬ್ಯಾಂಕ್ ಆಫ್ ಅಮೆರಿಕ 1950ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಬಾಗಿಲು ತಟ್ಟಿದ್ದು ಶೋಕಿಗಲ್ಲ. ಯುದ್ಧ ಮುಗಿದ ಮೇಲೆ ಚೆಕ್ಕುಗಳ ರಾಶಿ ಬೆಳೆಯುತ್ತಿತ್ತು. ಅವನ್ನು ಲೆಕ್ಕಕ್ಕೆ ಹತ್ತಿಸುವ ಕೈಗಳು ನಿಲ್ಲುತ್ತಿರಲಿಲ್ಲ. ಆ ಕೆಲಸದಲ್ಲಿದ್ದವರು ಬಹುಪಾಲು ಎಳೆಯ ಪ್ರಾಯದ ಹೆಣ್ಣುಮಕ್ಕಳು. ಬೇಸರದ ದುಡಿಮೆಯೆಂದು ಬೇಗನೆ ಬಿಟ್ಟುಹೋಗುತ್ತಿದ್ದರು. ಲೆಕ್ಕ ಮುಗಿಸುವ ಸಲುವಾಗಿ ಶಾಖೆಗಳು ಮಧ್ಯಾಹ್ನ ಎರಡಕ್ಕೇ ಬಾಗಿಲು ಹಾಕಬೇಕಾಗಿತ್ತು. ಆಗ ಹುಟ್ಟಿದ್ದು ‘ಎರ್ಮಾ’ ಎಂಬ ಯಂತ್ರ. 1955ರಲ್ಲಿ ಅದರ ಮಾದರಿಯನ್ನು ಜನರಿಗೆ ತೋರಿಸಿದರು. ಜನರಲ್ ಎಲೆಕ್ಟ್ರಿಕ್ ಕಟ್ಟಿಕೊಟ್ಟ ಯಂತ್ರಗಳು 1959ರಲ್ಲಿ ಕೆಲಸಕ್ಕೆ ನಿಂತವು. ಖಾತೆದಾರನ ಹೆಸರಿನ ಜಾಗಕ್ಕೆ ಸಂಖ್ಯೆ ಬಂತು. ಅದನ್ನು ಯಂತ್ರ ಓದಲೆಂದು ಚೆಕ್ಕಿನ ಅಡಿಗೆ ಕಾಂತಗುಣವುಳ್ಳ ಶಾಯಿಯ ಅಂಕಿಗಳು ಬಂದವು. ನಮ್ಮ ಚೆಕ್ಕಿನ ತಳದಲ್ಲಿ ಇಂದು ಕಾಣುವ ವಿಚಿತ್ರ ಆಕಾರದ ಅಂಕಿಗಳೂ ಆ ಸಂತತಿಯವೇ.

ಅಲ್ಲಿ ಯಂತ್ರ ಕುಳಿತದ್ದು ಖಾಲಿ ಬೀಳುತ್ತಿದ್ದ ಕುರ್ಚಿಯಲ್ಲಿ. ನಮ್ಮಲ್ಲಿಯೋ, ಒಂದು ಗುಮಾಸ್ತೆಗಿರಿಗೆ ಪದವೀಧರರು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ. ಒಬ್ಬನ ಸಂಬಳದ ಮೇಲೆ ತಂದೆತಾಯಿಯ ಅನ್ನ, ತಂಗಿಯ ಮದುವೆ, ತಮ್ಮನ ಓದು. ಅದೇ ಯಂತ್ರ ಇಲ್ಲಿ ತುಂಬಿದ ಕುರ್ಚಿಯ ಕಡೆಗೆ ಬರುತ್ತಿತ್ತು. ಎರಡೂ ಒಂದೇ ಎನ್ನುವವರಿಗೆ ಲೆಕ್ಕ ಬರುತ್ತದೆಯೆಂದು ನಂಬುವುದು ಹೇಗೆ?

ಗುಮಾಸ್ತರಲ್ಲಿ ತಪ್ಪೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಟೋಕನ್ ಹಿಡಿದು ಬೆಂಚಿನ ಮೇಲೆ ಹೊತ್ತು ಕಳೆದ ಗಿರಾಕಿಯ ಗೋಳು ಸುಳ್ಳಲ್ಲ. ಆದರೆ ಅವರು ಬೇಡವೇ ಬೇಡವೆಂದು ಕೊನೆಯವರೆಗೂ ಕೂತವರಲ್ಲ. 1983ರಲ್ಲಿ ಅವರ ಸಂಘಗಳು ಯಂತ್ರೀಕರಣದ ಬಗೆಗೆ ಬ್ಯಾಂಕುಗಳೊಡನೆ ಒಪ್ಪಂದ ಮಾಡಿಕೊಂಡವು. 1993ರಲ್ಲಿ ಮತ್ತೊಂದು ಆಯಿತು. ಯಂತ್ರ ಬರಲಿ, ಇದ್ದವನ ಅನ್ನ ಹೋಗದಿರಲಿ ಎಂಬುದಷ್ಟೇ ಅವರ ಹಟ. ಇದು ಮೂಢತನವೇ? 2000–01ರಲ್ಲಿ ಸ್ವಯಂನಿವೃತ್ತಿಯ ಯೋಜನೆಯಡಿ ಸರಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರನಡೆದರು. ಅವರ ಭಯ ಬರಿಯ ಕಲ್ಪನೆಯಾಗಿತ್ತೆ?

ಹೊಸ ಯಂತ್ರ ಬಂದಾಗಲೆಲ್ಲ, ಇದು ಯಾರ ಕುರ್ಚಿಯಲ್ಲಿ ಕೂರುತ್ತದೆಂದು ಕೇಳುವವನೊಬ್ಬ ಇರಬೇಕು. ಅವನಿಗೆ ಮೂಢನೆಂಬ ಪಟ್ಟ ಕಟ್ಟುವವರು ಮೊದಲು ತಮ್ಮ ಕುರ್ಚಿಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಲಿ.