ಕೊಂಬು ಉಳಿಯಲಿ, ಕೊಟ್ಟಿಗೆ ಹಿಗ್ಗಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಆಲೂಗೆಡ್ಡೆ, ತಂಬಾಕು, ತೆಂಗು ಯಾವುದು ಕೈಕೊಟ್ಟರೂ ರೈತ ಕುಟುಂಬವನ್ನು ಕಾಯುವುದು ಹಾಲಿನ ಹಣ. ಆದರೆ ಆ ಹಾಲು ಕೊಡುವ ಹಸು ದಿನದ ಬಹುಪಾಲನ್ನು ಗಿಡ್ಡ ಹಗ್ಗದಲ್ಲೇ ಕಳೆಯುತ್ತದೆ. ಕಟ್ಟಿಹಾಕದೆ ಸುತ್ತುಬೇಲಿಯೊಳಗೆ ಓಡಾಡಲು ಬಿಡುವ ಮುಕ್ತ ಕೊಟ್ಟಿಗೆಯಲ್ಲಿ ಗೊರಸು, ಕೀಲುಗಳಿಗೆ ಹಿತ, ಬೆದೆಯೂ ಸುಲಭವಾಗಿ ಗುರುತಿಗೆ ಸಿಗುತ್ತದೆ ಎಂದು ಪಶುತಜ್ಞರು ಹೇಳುತ್ತಲೇ ಬಂದಿದ್ದಾರೆ. ರೈತರು ಹಿಂಜರಿಯಲು ಒಂದು ಕಾರಣ ಜಾಗ, ಇನ್ನೊಂದು ಕೊಂಬು.

ಈ ಅಂಜಿಕೆ ನಿರಾಧಾರವಲ್ಲ. ಬಿಟ್ಟ ಹಸುಗಳ ನಡುವೆ ಮೇಲು-ಕೀಳಿನ ಶ್ರೇಣಿಯೊಂದು ಏರ್ಪಡುತ್ತದೆ. ಬಲಿಷ್ಠ ಹಸು ಗೋದಲಿಗೆ ಬಂದರೆ ದುರ್ಬಲವಾದದ್ದು ಸರಿಯಬೇಕು. ಸರಿಯಲು ಎಡೆಯಿಲ್ಲದಿದ್ದರೆ ಕೊಂಬು ಪಕ್ಕೆಗೋ ಕೆಚ್ಚಲಿಗೋ ತಗಲುತ್ತದೆ. ಕೊಟ್ಟಿಗೆಯ ಕೆಲಸ ಹೆಚ್ಚಾಗಿ ಹೆಂಗಸರದಾದ್ದರಿಂದ ಅಪಾಯದ ಪಾಲೂ ಅವರದೇ.

ಕೊಂಬು ತೆಗೆಸುವುದು ಅಗ್ಗದ ಪರಿಹಾರ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ನಿಗದಿತ ವಿಧಾನದಲ್ಲಿ ಕೊಂಬು ತೆಗೆಯುವುದು ಹಿಂಸೆಯೆನಿಸದು. ಆದರೆ ಕೊಂಬಿನೊಳಗೆ ಎಲುಬು, ರಕ್ತನಾಳ, ನರಗಳಿವೆ. ಬೆಳೆದ ಕೊಂಬನ್ನು ಬುಡಕ್ಕೆ ಕೊಯ್ದರೆ ತಲೆಬುರುಡೆಯ ಟೊಳ್ಳೇ ತೆರೆದುಕೊಳ್ಳುತ್ತದೆ. ಬೂಕನಬೆಟ್ಟದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗೆ ಬೆಲೆ ಕಟ್ಟುವಾಗ ಕೊಂಬಿನ ಅಂದವನ್ನೂ ನೋಡುವ ಸೀಮೆಗೆ ಈ ಪರಿಹಾರ ಒಗ್ಗುವುದೂ ಇಲ್ಲ.

ವಾಸ್ತವವಾಗಿ ಇದು ಜಾಗದ ಪ್ರಶ್ನೆ. ರೂಢಿಯ ಮಾನದಂಡದಂತೆ ಮುಕ್ತ ಕೊಟ್ಟಿಗೆಯಲ್ಲಿ ಹಸುವೊಂದಕ್ಕೆ ಸೂರಿನಡಿ 3.5 ಚದರ ಮೀಟರ್, ಬಯಲಿನಲ್ಲಿ 7 ಚದರ ಮೀಟರ್ ಬೇಕು. ನಾಲ್ಕು ಹಸುಗಳಿಗೆ ಸುಮಾರು 450 ಚದರಡಿ. ಕೊಂಬಿರುವ ಹಿಂಡಿಗೆ ಇದರ ಎರಡರಷ್ಟು ಎಂದುಕೊಂಡರೂ 900 ಚದರಡಿ, ಅಂದರೆ ನಗರದ 30×40 ನಿವೇಶನದ ಮುಕ್ಕಾಲು ಭಾಗ. ಉಳಿದದ್ದು ವಿನ್ಯಾಸದ ಮಾತು. ಹಸು ಸಿಕ್ಕಿಬೀಳುವ ಮೂಲೆ ಇರಬಾರದು. ಸೂರಿನಿಂದ ಬಯಲಿಗೆ ಎರಡು ದಾರಿಗಳಿರಬೇಕು. ನೀರಿನ ತೊಟ್ಟಿ ಎರಡು ಕಡೆ ಬೇಕು. ಹಿಂಡಿ ತಿನ್ನಿಸುವಾಗ, ಹಾಲು ಕರೆಯುವಾಗ ಮಾತ್ರ ಕಟ್ಟಬೇಕು. ಹೊಸ ಹಸುವನ್ನು ಕೆಲವು ದಿನ ಬೇಲಿಯಾಚೆ ಇರಿಸಿ, ಪರಿಚಯವಾದ ಮೇಲೆ ಒಳಬಿಡಬೇಕು. ಇಷ್ಟು ಜಾಗವೂ ಇಲ್ಲದ ಮಿಶ್ರತಳಿ ಸಾಕಣೆದಾರರು ಕೊಂಬು ಬೇಡವೆಂದರೆ, ಎಳೆಗರುವಿನಲ್ಲೇ ಪಶುವೈದ್ಯರಿಂದ, ನೋವು ನಿವಾರಕ ಕೊಡಿಸಿ, ಕೊಂಬಿನ ಮೊಳಕೆಯನ್ನು ಸುಡಿಸುವುದು ಮೇಲು.

ಆದರೆ ಹೆಚ್ಚುವರಿ ಜಾಗದ ವೆಚ್ಚವನ್ನು ಯಾರು ಭರಿಸಬೇಕು? ಸ್ವಿಟ್ಜರ್ಲೆಂಡಿನಲ್ಲಿ ಅರ್ಮಿನ್ ಕಪೌಲ್ ಎಂಬ ರೈತ ಎತ್ತಿದ್ದು ಇದೇ ಪ್ರಶ್ನೆ. ಅವರು ಕೊಂಬು ತೆಗೆಯುವುದನ್ನು ನಿಷೇಧಿಸಿ ಎನ್ನಲಿಲ್ಲ. ಕೊಂಬು ಉಳಿಸಿಕೊಳ್ಳುವವರಿಗೆ ಸಹಾಯಧನ ಕೊಡಿ ಎಂದರು. 2018ರ ನವೆಂಬರ್ 25ರ ಜನಮತಗಣನೆಯಲ್ಲಿ ಪ್ರಸ್ತಾವ ಬಿದ್ದುಹೋಯಿತಾದರೂ ಶೇ 45ರಷ್ಟು ಮತದಾರರು ಅದರ ಪರ ನಿಂತರು. ಅರ್ಥಶಾಸ್ತ್ರದ ದೃಷ್ಟಿಯಿಂದ ಅವರ ವಾದ ಸರಿಯಾದದ್ದೇ. ಹಸುವಿನ ನೆಮ್ಮದಿಯನ್ನು ಸಮಾಜ ಬಯಸುವುದಾದರೆ ಅದರ ಬೆಲೆಯನ್ನು ರೈತನೊಬ್ಬನೇ ತೆರುವುದು ನ್ಯಾಯವಲ್ಲ.

ನಮ್ಮ ರಾಜ್ಯದಲ್ಲಿ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಪ್ರೋತ್ಸಾಹಧನ ಹಾಲಿನ ಪ್ರಮಾಣಕ್ಕೆ ತಳಕು ಹಾಕಿಕೊಂಡದ್ದು. ಹೆಚ್ಚು ಹಾಲಿಗೆ ಹೆಚ್ಚು ಹಣ. ಹಸುವನ್ನು ಹೇಗೆ ಇರಿಸಲಾಗಿದೆ ಎಂಬುದು ಲೆಕ್ಕಕ್ಕೇ ಬಾರದು. ಬೇಲಿ, ತೊಟ್ಟಿ, ಸೂರಿಗೆ ಒಂದು ಬಾರಿಯ ನೆರವು ಕೊಟ್ಟರೆ ಅದರ ಫಲ ಹಲವು ವರ್ಷ ಉಳಿಯುತ್ತದೆ.

ಒಂದೆರಡು ಹಸುಗಳ, ಅಂಗೈಯಗಲದ ಹಿತ್ತಲಿನ ರೈತನಿಗೆ ಇದು ಅಸಾಧ್ಯವೆಂಬ ಆಕ್ಷೇಪದಲ್ಲಿ ಹುರುಳಿದೆ. ಅಂಥವರಿಗೆ ಹಗಲು ಕೆಲವು ತಾಸು ಹಸು ಬಿಡಲು ಬೇಲಿ ಹಾಕಿಸಿಕೊಟ್ಟರೂ ಸಾಕು. ಹಾಸನ, ಕೊಡಗು, ಚಿಕ್ಕಮಗಳೂರಿನ ಹಾಲು ಕೊಳ್ಳುವ ಹಾಸನ ಹಾಲು ಒಕ್ಕೂಟವಿದೆ; ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಇವೆರಡೂ ಸೇರಿ ಈ ನಾಲ್ಕು ತಾಲ್ಲೂಕುಗಳ ಕೆಲವು ಕೊಟ್ಟಿಗೆಗಳಲ್ಲಿ ಎರಡು ವರ್ಷ ಪ್ರಯೋಗ ನಡೆಸಿ ಗಾಯ, ಹಾಲು, ವೆಚ್ಚಗಳ ಲೆಕ್ಕವನ್ನು ರೈತರ ಮುಂದಿಡಲಿ. ಸಹಾಯಧನದ ಮೊತ್ತವನ್ನು ಆ ಲೆಕ್ಕದ ಆಧಾರದ ಮೇಲೆ ಸರ್ಕಾರ ನಿರ್ಧರಿಸಲಿ.