‘ಏನೂ ಮಾಡಲ್ಲ’ ಎನ್ನುವವರಿಗೆ

ನಾಯಿ ಸಾಕಿದ ಮನೆಯ ಗೇಟಿನಲ್ಲಿ ಎಲ್ಲರೂ ಕೇಳಿರುವ ಮಾತೊಂದಿದೆ: ‘ಬನ್ನಿ ಬನ್ನಿ, ಏನೂ ಮಾಡಲ್ಲ.’ ಇದಕ್ಕಿಂತ ಬೇಜವಾಬ್ದಾರಿಯ ಮಾತನ್ನು ನಾನು ಕನ್ನಡದಲ್ಲಿ ಕೇಳಿಲ್ಲ. ಕಳೆದ ಮೇ ತಿಂಗಳಲ್ಲಿ 18 ದಿನ ಆ ಮಾತಿನ ಜೊತೆಗೇ ಸಂಸಾರ ಮಾಡಿದ್ದೇನೆ.

ಚಿಕ್ಕಮ್ಮ, ಚಿಕ್ಕಪ್ಪ ಕೇದಾರ-ಬದರಿ ಯಾತ್ರೆಗೆ ಹೊರಟರು. ಮೈಸೂರಿನ ಅವರ ಮನೆ, ಮತ್ತು ಆ ಮನೆಯ ಎರಡೂವರೆ ವರ್ಷದ, 34 ಕೆ.ಜಿ. ತೂಕದ ಲ್ಯಾಬ್ರಡಾರ್ ಬ್ರೂನೋ ನನ್ನ ಪಾಲಿಗೆ ಬಂದರು. ‘ನಿಂದೇನೇ, ಹೇಗೂ ಓದೋದು ತಾನೇ, ಇಲ್ಲೇ ಕೂತು ಓದ್ಕೋ’ ಎಂದರು ಚಿಕ್ಕಮ್ಮ. ಪಿಎಚ್.ಡಿ. ಮಾಡುವವರಿಗೆ ಕೆಲಸವಿಲ್ಲ ಎಂಬುದು ನಮ್ಮ ಬಂಧುಬಳಗದ ಸರ್ವಾನುಮತದ ನಿರ್ಣಯ. ಮದುವೆಯಾಗದ ಹುಡುಗಿಯಾದರೆ ಮತದಾನವೂ ಬೇಕಿಲ್ಲ.

ಬದರಿಯ ಆಚೆಗಿರುವ ಮಾಣಾ ಹಳ್ಳಿಯ ದಾರಿಯಲ್ಲೇ ಪಾಂಡವರು ಸ್ವರ್ಗಕ್ಕೆ ಹೊರಟರು ಎಂದು ಜನ ನಂಬುತ್ತಾರೆ. ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗವೂ ಬೇಡ ಎಂದವನು ಧರ್ಮರಾಯ. ಅದೇ ದಾರಿ ನೋಡಲು ಹೋದ ನಮ್ಮ ಚಿಕ್ಕಪ್ಪ ನಾಯಿಯನ್ನು ನನಗೆ ಬಿಟ್ಟು ಹೋದರು. ಆ ನಾಯಿ ಧರ್ಮರಾಯನ ಹಿಂದೆ ನಡೆಯಿತು. ಇಲ್ಲಿ ನಾಯಿ ಮುಂದೆ, ಹಗ್ಗ ನಡುವೆ, ನಾನು ಹಿಂದೆ.

ಬ್ರೂನೋ ಕೆಟ್ಟವನಲ್ಲ. ಬಂದವರ ಎದೆಗೆ ಹಾರುತ್ತಾನೆ, ತಟ್ಟೆಗೆ ಬಾಯಿ ಹಾಕುತ್ತಾನೆ, ನನ್ನ ಮೂರನೆಯ ಅಧ್ಯಾಯದ ಟಿಪ್ಪಣಿ ಪುಸ್ತಕವನ್ನು ನನ್ನ ಮಾರ್ಗದರ್ಶಕರಿಗಿಂತ ಮೊದಲೇ ಪರಿಶೀಲಿಸಿ ಹರಿದು ಹಾಕಿದ್ದಾನೆ. ಆದರೆ ಇದರಲ್ಲಿ ಯಾವುದನ್ನೂ ಮಾಡಬಾರದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಚಿಕ್ಕಪ್ಪ ‘ಸಿಟ್’ ಅಂತಾರೆ, ಚಿಕ್ಕಮ್ಮ ‘ಕೂತ್ಕೋ ಕಂದಾ’ ಅಂತಾರೆ, ಪುಣೆಯಿಂದ ರಜೆಗೆ ಬರುವ ಮಗ ‘ಡೌನ್’ ಅಂತಾನೆ. ಮೂರರಲ್ಲಿ ಯಾವುದಕ್ಕೂ ಅವನು ಕೂರುವುದಿಲ್ಲ. ಕೂತರೆ ಏನು ಸಿಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ, ಹಾರಿದರೆ ಅಪ್ಪುಗೆ ಸಿಗುತ್ತದೆ ಎಂಬುದು ಚೆನ್ನಾಗಿ ಗೊತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಮನೆಗೆಲಸದ ಅಕ್ಕ ಗೇಟಿನ ಹೊರಗೆ ನಿಂತು, ‘ನಾಯಿ ಕಟ್ಟಾಕವ್ವಾ, ಆಮೇಲ್ ಬತ್ತೀನಿ’ ಎಂದರು. ನಾನು ಲ್ಯಾಪ್‌ಟಾಪಿನ ಮುಂದಿದ್ದೆ. ಎದ್ದು ಹೋಗಿ ಕಟ್ಟಲು ಎರಡು ನಿಮಿಷ ಸಾಕಿತ್ತು. ಕೂತಲ್ಲಿಂದಲೇ ಕೂಗಿದೆ: ‘ಬನ್ನಿ ಅಕ್ಕಾ, ಏನೂ ಮಾಡಲ್ಲ.’

ಅವನು ಏನೂ ಮಾಡಲಿಲ್ಲ ನಿಜ. ಕಚ್ಚಲಿಲ್ಲ, ಪರಚಲಿಲ್ಲ, ಖುಷಿಯಿಂದ ಹಾರಿದ ಅಷ್ಟೇ. ಐವತ್ತು ದಾಟಿದ ಆ ಹೆಂಗಸು ಮೆಟ್ಟಿಲ ಮೇಲೆ ಕೈಯೂರಿ ಬಿದ್ದರು. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಸಣ್ಣಗೆ ಬಿರುಕು ಬಿಟ್ಟಿತ್ತು. ಮೂರು ವಾರ ಪ್ಲಾಸ್ಟರ್. ಅವರು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವರು. ಒಂದು ಮನೆಯವರು ಮರುವಾರವೇ ಬೇರೆಯವರನ್ನು ಇಟ್ಟುಕೊಂಡರು.

ಗುಪ್ತಕಾಶಿಯಿಂದ ಚಿಕ್ಕಮ್ಮ ಫೋನಿನಲ್ಲಿ ಹೇಳಿದರು: ‘ಅವಳಿಗೆ ಮೊದ್ಲಿಂದ್ಲೂ ಭಯ ಕಣೇ. ನಮ್ಮವನು ಏನೂ ಮಾಡಲ್ಲ.’

ಈ ಮಾತಿನ ರಾಜಕೀಯ ನನಗೆ ಆಗ ಅರ್ಥವಾಯಿತು. ಅದು ನಾಯಿಯ ಬಗೆಗಿನ ಮಾಹಿತಿಯಲ್ಲ. ತಪ್ಪನ್ನು ನಾಯಿ ಸಾಕಿದವರಿಂದ ಹೆದರಿದವರಿಗೆ ದಾಟಿಸುವ ಉಪಾಯ. ಭಯ ಅವರ ದೌರ್ಬಲ್ಯ, ಹಾರುವುದು ನಮ್ಮವನ ಮುದ್ದು! ಇದನ್ನು ಕೇಳಿಸಿಕೊಂಡು ಸುಮ್ಮನಿರಬೇಕಾದವರು ಯಾರು ಎಂದು ಲೆಕ್ಕ ಹಾಕಿ: ಹಾಲಿನವರು, ಪೇಪರಿನ ಹುಡುಗ, ಪಾರ್ಸೆಲ್ ತರುವವರು, ಪಾತ್ರೆ ತೊಳೆಯುವವರು. ‘ನಿಮ್ಮ ನಾಯಿ ಕಟ್ಟಿದರೆ ಮಾತ್ರ ಬರುತ್ತೇನೆ’ ಎನ್ನುವ ಧೈರ್ಯ ಇವರಲ್ಲಿ ಎಷ್ಟು ಜನರಿಗಿದೆ? ಅದೇ ಬೀಗರು ಬಂದ ದಿನ ಬ್ರೂನೋ ಹಿತ್ತಲಲ್ಲಿ ಕಟ್ಟಿಸಿಕೊಂಡು ಬೊಗಳುತ್ತಿರುತ್ತಾನೆ. ಕಟ್ಟುವುದು ಗೊತ್ತಿಲ್ಲವೆಂದಲ್ಲ, ಯಾರಿಗಾಗಿ ಕಟ್ಟಬೇಕು ಎಂಬುದರ ಶ್ರೇಣಿ ನಮ್ಮಲ್ಲಿದೆ.

ಕಾನೂನಿಗೆ ಈ ಮುದ್ದು ಗೊತ್ತಿಲ್ಲ. ಸಾಕುಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಪಾತ್ರೆ ತೊಳೆಯುವ ಅಕ್ಕ ಠಾಣೆಗೆ ಹೋಗುವುದಿಲ್ಲ ಎಂಬ ಭರವಸೆಯ ಮೇಲೇ ನಮ್ಮ ಪ್ರಾಣಿಪ್ರೇಮ ನಿಂತಿದೆ.

‘ಕಲಿಸೋದು ಅಂದ್ರೆ ಹಿಂಸೆ, ನಾವು ಪ್ರೀತಿಯಿಂದ ಬೆಳೆಸಿದ್ದೀವಿ’ ಎನ್ನುವವರಿದ್ದಾರೆ. ನನ್ನ ಜಗಳ ಹೆಚ್ಚಾಗಿ ಅವರೊಂದಿಗೇ. ಲ್ಯಾಬ್ರಡಾರ್ ಬೇಟೆಗಾರ ಹೊಡೆದ ಹಕ್ಕಿಯನ್ನು ನೀರಿನಿಂದ ಎತ್ತಿ ತರಲೆಂದು ರೂಪಿಸಿದ ತಳಿ. ದುಡಿಯಲು ಹುಟ್ಟಿದ ದೇಹ ಅದು. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗುತ್ತಿಯ ಹುಲಿಯ ನೆನಪಿರುತ್ತಾನೆ. ಅವನು ಗುತ್ತಿಯ ಜೊತೆ ಕಾಡಿನ ದಾರಿ ನಡೆದವನು. ಬ್ರೂನೋನ ದಾರಿ ಸೋಫಾದಿಂದ ಗೇಟಿನವರೆಗೆ. ನಡೆಸದೆ, ಕಲಿಸದೆ, ಬಿಸ್ಕತ್ತು ಹಾಕಿ ಫೋಟೋ ತೆಗೆಯುವುದು ಪ್ರೀತಿಯಲ್ಲ, ಸೋಮಾರಿತನ.

ಕಲಿಸಲು ಹೊಡೆಯಬೇಕಿಲ್ಲ ಎಂಬುದನ್ನು ಉಳಿದ 14 ದಿನಗಳಲ್ಲಿ ನಾನೇ ಕಲಿತೆ. ಬೆಳಿಗ್ಗೆ, ಸಂಜೆ ಮುಕ್ಕಾಲು ಗಂಟೆ ನಡಿಗೆ. ಹಾರಿದರೆ ಬೈಯುವುದೂ ಇಲ್ಲ, ತಳ್ಳುವುದೂ ಇಲ್ಲ. ಅವನಿಗೆ ಅದೂ ಆಟವೇ. ಸುಮ್ಮನೆ ಬೆನ್ನು ತಿರುಗಿಸಿ ನಿಲ್ಲುವುದು. ನಾಲ್ಕೂ ಕಾಲು ನೆಲಕ್ಕೆ ತಾಗಿದ ಕ್ಷಣ ಒಂದು ಚೂರು ಕ್ಯಾರೆಟ್. ಪದ ಒಂದೇ: ‘ಕೂತ್ಕೋ’. ಹನ್ನೊಂದನೆಯ ದಿನ ಗೇಟಿನ ಸದ್ದಿಗೆ ಅವನು ಓಡಿ, ನಿಂತು, ನನ್ನ ಮುಖ ನೋಡಿ ಕೂತ. ನನಗೆ ಸಂತೋಷಕ್ಕಿಂತ ನಾಚಿಕೆ ಹೆಚ್ಚಾಯಿತು. ಇಷ್ಟು ಸುಲಭವಿದ್ದದ್ದನ್ನು ಎರಡೂವರೆ ವರ್ಷ ಯಾರೂ ಮಾಡಿರಲಿಲ್ಲ.

ಯಾತ್ರೆ ಮುಗಿಸಿ ಬಂದ ಚಿಕ್ಕಮ್ಮ ಗೇಟು ತೆಗೆದರು. ಬ್ರೂನೋ ಬಾಲ ಬಡಿಯುತ್ತ ಕೂತೇ ಇದ್ದ. ಅವರು ಎರಡೂ ಕೈ ಚಾಚಿ ‘ಬಾರೋ ಕಂದಾ’ ಎಂದರು. ಹಾರಿದ. ‘ನೋಡೇ, ಎಷ್ಟು ಪ್ರೀತಿ!’ ಎಂದರು.

ಎಕ್ಸ್‌ರೇ ದುಡ್ಡು ನಾನು ಕೊಟ್ಟೆ. ಅದು ಕೊಡಲೇಬೇಕಾದದ್ದು, ಕೂತಲ್ಲಿಂದ ಕೂಗಿದವಳು ನಾನೇ. ತಿಂಗಳ ಸಂಬಳವನ್ನು ಚಿಕ್ಕಮ್ಮ ಜಗಳದ ನಂತರ, ದಾನ ಕೊಟ್ಟಂತೆ ಕೊಟ್ಟರು. ಅಕ್ಕ ಈಗ ಎರಡು ಮನೆಗಳಿಗೆ ಹೋಗುತ್ತಾರೆ. ಈ ಮನೆಗೆ ಬರುವುದಿಲ್ಲ.

ನಾಯಿ ಸಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಗೇಟಿನ ಹೊರಗೆ ನಿಂತವರು ‘ಕಟ್ಟಿ’ ಎಂದಾಗ ಎದ್ದು ಹೋಗಿ ಕಟ್ಟಿ. ಆಮೇಲೆ, ಕಟ್ಟುವ ಅಗತ್ಯವೇ ಬಾರದಂತೆ ಕಲಿಸಿ. ಎರಡಕ್ಕೂ ಪುರುಸೊತ್ತಿಲ್ಲವಾದರೆ, ಓದುವ ಹುಡುಗಿಯೊಬ್ಬಳು ಮನೆತನದಲ್ಲಿದ್ದಾಳೆ ಎಂಬ ಧೈರ್ಯದ ಮೇಲೆ ನಾಯಿ ತರಬೇಡಿ.